ಜಲಾಶಯದ ಲೆಕ್ಕವೂ ಲೆಕ್ಕದ ಹಾಳೆಯೂ

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ಸಿರಿಗೇರಿಯಂಥ ಊರುಗಳಲ್ಲಿ ಮುಂಗಾರು ಕಾಲಿಟ್ಟಿತೆಂದರೆ, ಊರಿನಲ್ಲಿ ಮಳೆ ಎಷ್ಟಾಯಿತೆಂಬುದಕ್ಕಿಂತ ‘ಡ್ಯಾಮಿಗೆ ನೀರು ಎಷ್ಟು ಬಂತು?’ ಎಂಬ ಪ್ರಶ್ನೆಯೇ ಮೊದಲು ಕೇಳಿಬರುವುದು. ಇದರಲ್ಲಿ ಸೋಜಿಗವೇನೂ ಇಲ್ಲ. ಈ ಸೀಮೆಯ ಭತ್ತ (ಇಲ್ಲಿನವರ ಮಾತಿನಲ್ಲಿ ನೆಲ್ಲು) ತಲೆಯ ಮೇಲಿನ ಮುಗಿಲಿಗಿಂತ ಹೆಚ್ಚಾಗಿ ಹೊಸಪೇಟೆಯ ಬಳಿಯ ತುಂಗಭದ್ರಾ ಜಲಾಶಯವನ್ನೇ ನಂಬಿದೆ. ಮಲೆನಾಡಿನಲ್ಲಿ ಸುರಿದ ಮಳೆ ತುಂಗೆ ಭದ್ರೆಯರಲ್ಲಿ ಹರಿದು, ಅಣೆಕಟ್ಟೆಯ ಹಿಂದೆ ನಿಂತು, ಕಾಲುವೆಗಳ ಮೂಲಕ ಗದ್ದೆಯನ್ನು ಸೇರಬೇಕು. ಒಂದು ಬೆಳೆಗೆ ನೀರು ಸಾಲುವುದೆ, ಎರಡನೆಯದಕ್ಕೂ ಉಳಿಯುವುದೆ ಎಂಬುದರ ಮೇಲೆ ಮನೆಯ ಸಾಲ, ಮಕ್ಕಳ ಓದು, ಮದುವೆಮುಂಜಿಗಳೆಲ್ಲ ನಿಂತಿರುವುವು.

ಈ ಪ್ರಶ್ನೆಗೆ ಉತ್ತರವೆಂಬಂತೆ ಪ್ರತಿದಿನವೂ ನಾಲ್ಕು ಸಂಖ್ಯೆಗಳು ಪ್ರಕಟವಾಗುವುವು: ಅಡಿಗಳಲ್ಲಿ ನೀರಿನ ಮಟ್ಟ, ಟಿಎಂಸಿ ಅಡಿಗಳಲ್ಲಿ ಸಂಗ್ರಹ, ಕ್ಯೂಸೆಕ್ಕುಗಳಲ್ಲಿ ಒಳಹರಿವು ಮತ್ತು ಹೊರಹರಿವು. ಜನ ಅವನ್ನು ಓದುತ್ತಾರೆ, ನಿಟ್ಟುಸಿರು ಬಿಡುತ್ತಾರೆ ಅಥವಾ ಹಿಗ್ಗುತ್ತಾರೆ, ಮರುದಿನ ಮರೆಯುತ್ತಾರೆ. ಅವೇ ಸಂಖ್ಯೆಗಳನ್ನು ನೂರಿಪ್ಪತ್ತು ದಿನ ಕೂಡಿಟ್ಟರೆ, ಒಂದು ದಿನದ ಸುದ್ದಿಯಲ್ಲಿ ಕಾಣದ ಅನೇಕ ಸಂಗತಿಗಳು ಕಾಣತೊಡಗುವುವು. ಕೂಡಿಡುವುದಕ್ಕೆ ಗಣಕಯಂತ್ರದ ಸ್ಪ್ರೆಡ್‌ಶೀಟಿಗಿಂತ ಒಳ್ಳೆಯ ಸಾಧನ ವಿದ್ಯಾರ್ಥಿಗಳ ಕೈಗೆ ಸಿಕ್ಕುವುದು ಕಷ್ಟ. ಅದನ್ನು ನಾವಿಲ್ಲಿ ‘ಲೆಕ್ಕದ ಹಾಳೆ’ ಎಂದು ಕರೆಯೋಣ. ಸಂಖ್ಯೆಗಳನ್ನು ತುಂಬಿ ಮೊತ್ತ ತೆಗೆಯುವಷ್ಟನ್ನು ವಾಚಕರು ಈಗಾಗಲೇ ಬಲ್ಲರೆಂದು ಭಾವಿಸಿ, ಅಲ್ಲಿಂದ ಮುಂದಿನ ಹೆಜ್ಜೆಗಳನ್ನು ವಿಚಾರಿಸೋಣ.

ಈ ಹಾಳೆ ಹುಟ್ಟಿದ ಬಗೆಯೇ ಅದರ ತಿರುಳನ್ನು ತಿಳಿಸುತ್ತದೆ. 1978ರಲ್ಲಿ ಅಮೆರಿಕದ ಹಾರ್ವರ್ಡ್ ವ್ಯವಹಾರ ಶಾಲೆಯಲ್ಲಿ ಓದುತ್ತಿದ್ದ ಡಾನ್ ಬ್ರಿಕ್ಲಿನ್ ಎಂಬ ವಿದ್ಯಾರ್ಥಿಗೆ ಕರಿಹಲಗೆಯ ಮೇಲಿನ ಲೆಕ್ಕಗಳು ಬೇಸರ ತಂದುವು. ಹಲಗೆಯ ಮೇಲೆ ಒಂದು ಸಂಖ್ಯೆಯನ್ನು ತಿದ್ದಿದರೆ, ಅದನ್ನು ಆಧರಿಸಿದ ಹತ್ತಾರು ಸಂಖ್ಯೆಗಳನ್ನು ಅಳಿಸಿ ಮತ್ತೆ ಬರೆಯಬೇಕಷ್ಟೆ. ತಿದ್ದಿದೊಡನೆ ಉಳಿದುವೆಲ್ಲ ತಾವಾಗಿಯೇ ತಿದ್ದಿಕೊಳ್ಳುವ ಹಲಗೆಯಿದ್ದರೆ? ಬಾಬ್ ಫ್ರಾಂಕ್‌ಸ್ಟನ್ ಎಂಬ ಗೆಳೆಯನೊಡನೆ ಆತ 1979ರಲ್ಲಿ ಹೊರತಂದ ‘ವಿಸಿಕ್ಯಾಲ್ಕ್’ ಅಂಥದೇ ಹಲಗೆ. 1983ರಲ್ಲಿ ‘ಲೋಟಸ್ 1-2-3’, 1985ರಲ್ಲಿ ‘ಎಕ್ಸೆಲ್’ ಬಂದುವು. ಹಣ ಕೊಡದೆ ಬಳಸಬಹುದಾದ ‘ಲಿಬ್ರೆಆಫೀಸ್ ಕ್ಯಾಲ್ಕ್’ ಕೂಡ ಇದೇ ವಂಶದ್ದು. ಇವೆಲ್ಲವುಗಳಲ್ಲಿಯೂ ಚದುರಂಗದ ಹಾಸಿನಂತೆ ಮನೆಗಳಿರುತ್ತವೆ. ಮನೆಯೊಳಗೆ ಸಂಖ್ಯೆ ಇರಬಹುದು. ಬೇರೆ ಮನೆಗಳೊಡನೆ ಅದಕ್ಕಿರುವ ಸಂಬಂಧವೂ ಇರಬಹುದು. ಈ ಎರಡನೆಯದೇ ಹೆಚ್ಚಳ. ಅದಿಲ್ಲದಿದ್ದರೆ ಈ ಹಾಳೆಗೂ ಗೆರೆ ಹಾಕಿದ ನೋಟುಬುಕ್ಕಿಗೂ ಏನು ಭೇದ?

ಮೊದಲು ಜೋಡಣೆ. ಒಂದು ಅಡ್ಡಸಾಲಿಗೆ ಒಂದು ದಿನ. ಒಂದು ಕಂಬಸಾಲಿಗೆ ಒಂದು ಅಳತೆ. ಎ ಸಾಲಿನಲ್ಲಿ ದಿನಾಂಕ, ಬಿಯಲ್ಲಿ ಮಟ್ಟ, ಸಿಯಲ್ಲಿ ಸಂಗ್ರಹ, ಡಿಯಲ್ಲಿ ಒಳಹರಿವು, ಇಯಲ್ಲಿ ಹೊರಹರಿವು, ಎಫ್‌ನಲ್ಲಿ ಟಿಪ್ಪಣಿ. (ಈ ಅಕ್ಷರಗಳನ್ನು ಹಾಳೆಯಲ್ಲಿ ಇಂಗ್ಲಿಷಿನಲ್ಲಿಯೇ ಟೈಪು ಮಾಡತಕ್ಕದ್ದು.) ನಡುವೆ ‘ಜುಲೈ’, ‘ಆಗಸ್ಟ್’ ಎಂದು ತಲೆಬರಹ ಹಾಕುವುದು, ತಿಂಗಳಿಗೊಂದು ಸಾಲು ಖಾಲಿ ಬಿಡುವುದು, ನಾಲ್ಕು ಮನೆಗಳನ್ನು ಒಂದಾಗಿಸಿ ಅಂದಗಾಣಿಸುವುದು, ಇವು ಕಣ್ಣಿಗೆ ಹಿತವಾದರೂ ಯಂತ್ರಕ್ಕೆ ಮುಳ್ಳುಗಳೇ ಸರಿ. ಮನೆಯೊಳಗೆ ‘45000 ಕ್ಯೂಸೆಕ್’ ಎಂದು ಬರೆದರೆ ಅದು ಸಂಖ್ಯೆಯಲ್ಲ, ಅಕ್ಷರಗಳ ಸರ. ಕೂಡಿಸಹೊರಟಾಗ ಯಂತ್ರ ಅದನ್ನು ಸದ್ದಿಲ್ಲದೆ ಬಿಟ್ಟುಬಿಡುವುದು. ಮಾನವನ್ನು ಸಾಲಿನ ಹೆಸರಿನಲ್ಲಿ ಒಮ್ಮೆ ಬರೆದರೆ ಸಾಕು. ಪತ್ರಿಕೆ ಸಿಕ್ಕದ ದಿನ ಮನೆಯನ್ನು ಖಾಲಿ ಬಿಡಬೇಕೇ ಹೊರತು ಸೊನ್ನೆ ತುಂಬಬಾರದು. ಮೂರು ದಿನಗಳಲ್ಲಿ ಎರಡು ದಿನದ ಒಳಹರಿವು 30,000 ಮತ್ತು 60,000 ಎಂದು ಗೊತ್ತಿದ್ದು ನಡುವಣದು ಖಾಲಿಯಿದ್ದರೆ ಸರಾಸರಿ 45,000. ಅಲ್ಲಿ ಸೊನ್ನೆಯಿಟ್ಟರೆ 30,000. ತಿಳಿಯದಿರುವುದು ಬೇರೆ, ಹರಿಯದಿರುವುದು ಬೇರೆ.

ದಿನಾಂಕದ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಯಂತ್ರಕ್ಕೆ ದಿನಾಂಕವೆಂದರೆ ಒಂದು ಸಂಖ್ಯೆ. ಎಕ್ಸೆಲ್ಲಿನಲ್ಲಿ 1900ರ ಜನವರಿ 1 ಎಂದರೆ 1. 2024ರ ಆಗಸ್ಟ್ 10 ಎಂದರೆ 45514. (ಈ ಎಣಿಕೆಯಲ್ಲಿ 1900ರ ಫೆಬ್ರವರಿ 29 ಎಂಬ, ಲೋಕದಲ್ಲಿ ಎಂದೂ ಇಲ್ಲದ ದಿನವೊಂದು ಸೇರಿಕೊಂಡಿದೆ. ಲೋಟಸ್ಸಿನ ತಪ್ಪನ್ನು ಎಕ್ಸೆಲ್ ಬೇಕೆಂದೇ ಉಳಿಸಿಕೊಂಡಿತು.) ಯಂತ್ರದ ಏರ್ಪಾಡು ಅಮೆರಿಕದ ಪದ್ಧತಿಯದಾಗಿದ್ದರೆ ನಾವು ಬರೆದ 10-08-2024 ಅಕ್ಟೋಬರ್ 8 ಆಗಿಬಿಡುವುದು, 13-08-2024 ಎಂಬುದು ಹದಿಮೂರನೆಯ ತಿಂಗಳಿಲ್ಲದ ಕಾರಣ ಬರಿಯ ಅಕ್ಷರವಾಗಿ ಉಳಿಯುವುದು. ಈ ಚೇಷ್ಟೆಗೆ ವಿಜ್ಞಾನಿಗಳೂ ತುತ್ತಾಗಿದ್ದಾರೆ. ‘ಮಾರ್ಚ್1’, ‘ಸೆಪ್ಟ್2’ ಎಂಬಂಥ ಜೀನುಗಳ ಹೆಸರುಗಳು ಹಾಳೆಯಲ್ಲಿ ದಿನಾಂಕಗಳಾಗಿ ಮಾರ್ಪಡುತ್ತಿದ್ದುದರಿಂದ, ಜೀನುಗಳಿಗೆ ಹೆಸರಿಡುವ ಸಮಿತಿ 2020ರಲ್ಲಿ ಆ ಹೆಸರುಗಳನ್ನೇ ಬದಲಾಯಿಸಬೇಕಾಯಿತು.

ಇನ್ನು ಸೂತ್ರ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ಒಂದು ದಿನಕ್ಕೆ 86,400 ಸೆಕೆಂಡುಗಳು. ಟಿಎಂಸಿ ಅಡಿ ಎಂದರೆ ನೂರು ಕೋಟಿ ಘನ ಅಡಿ. ಹಾಗಾದರೆ ಒಂದು ಕ್ಯೂಸೆಕ್ಕಿನ ಹರಿವು ದಿನವಿಡೀ ನಡೆದರೆ 0.0000864 ಟಿಎಂಸಿ, ಒಂದು ಟಿಎಂಸಿ ತುಂಬಲು ಸುಮಾರು 11,574 ಕ್ಯೂಸೆಕ್ಕಿನ ಹೊನಲು ಒಂದು ದಿನ ಹರಿಯಬೇಕು. ಒಳಹರಿವು 50,000, ಹೊರಹರಿವು 15,000 ಎಂದಿಟ್ಟುಕೊಂಡರೆ ಆ ದಿನದ ಗಳಿಕೆ 3.024 ಟಿಎಂಸಿ. ಈ 0.0000864 ಎಂಬುದನ್ನು ಕೆ1 ಮನೆಯಲ್ಲಿ ಒಮ್ಮೆ ಬರೆದು, ಜಿ3ರಲ್ಲಿ =(ಡಿ3-ಇ3)*$ಕೆ$1 ಎಂದು ಸೂತ್ರ ಹಾಕಬೇಕು. ಸೂತ್ರವನ್ನು ಕೆಳಕ್ಕೆ ಎಳೆದಾಗ ಡಿ3 ಎಂಬುದು ಡಿ4, ಡಿ5 ಆಗುತ್ತ ಹೋಗುವುದು. ಅದೇ ನಮಗೆ ಬೇಕಾದುದು. ಕೆ1 ಮಾತ್ರ ಕದಲಬಾರದು. ಆ ಡಾಲರ್ ಚಿಹ್ನೆ ಮನೆಗೆ ಹೊಡೆದ ಗೂಟ. ಗೂಟವಿಲ್ಲದಿದ್ದರೆ ಎರಡನೆಯ ಸಾಲಿನಿಂದಲೇ ಯಂತ್ರ ಖಾಲಿ ಮನೆಯಾದ ಕೆ2ರಿಂದ ಗುಣಿಸಿ, ತಪ್ಪೆಂದು ಕೂಗದೆ, ಸೊನ್ನೆಯನ್ನು ಕೊಡುತ್ತ ಹೋಗುವುದು.

ಪಕ್ಕದ ಎಚ್3ರಲ್ಲಿ =ಸಿ3-ಸಿ2 ಎಂದು ಬರೆಯಿರಿ: ಇಂದಿನ ಸಂಗ್ರಹದಿಂದ ನಿನ್ನೆಯದನ್ನು ಕಳೆದಾಗ ಬರುವ ಹೆಚ್ಚಳ. ಹರಿವಿನಿಂದ ಬಂದ ಗಳಿಕೆಗೂ ಇದಕ್ಕೂ ಇರುವ ಅಂತರವೇ ನಮ್ಮ ಹಾಳೆಯ ಕಾವಲುಗಾರ. ಆವಿಯಾದ ನೀರು, ಇಂಗಿದ ನೀರು, ಅಳತೆಯ ಒರಟುತನ, ಇವುಗಳಿಂದ ಅಂತರ ಅಲ್ಪಸ್ವಲ್ಪ ಇದ್ದೇ ಇರುವುದು. ಒಂದು ದಿನ ಅದು ಥಟ್ಟನೆ ಹತ್ತು ಪಟ್ಟಾದರೆ, ಒಂದು ಸೊನ್ನೆಯನ್ನು ಹೆಚ್ಚಾಗಿ ಒತ್ತಿದ್ದೇವೆಂದೇ ಮೊದಲು ಶಂಕಿಸಬೇಕು. ಒಳಹರಿವನ್ನು ಮಟ್ಟದ ಏರಿಳಿತದಿಂದಲೇ ಗಣಿಸುವ ವಾಡಿಕೆಯೂ ಜಲಾಶಯಗಳಲ್ಲಿ ಉಂಟು. ಅಂಥಲ್ಲಿ ಲೆಕ್ಕ ಚೆನ್ನಾಗಿ ಹೊಂದಿಕೊಂಡಿತೆಂದು ಬೀಗುವಂತಿಲ್ಲ.

ಕೆಲವು ವರ್ಷಗಳ ಸಾಲುಗಳು ಸೇರಿದ ಮೇಲೆ ಅವನ್ನು ಸಂಕ್ಷೇಪಿಸಬೇಕು. ಷರತ್ತಿಗೆ ಒಳಪಟ್ಟ ಸಾಲುಗಳನ್ನು ಮಾತ್ರ ಕೂಡುವ ‘ಸಮ್‌ಇಫ್ಸ್’ ಎಂಬ ಸಿದ್ಧಸೂತ್ರವಿದೆ. ಅದಕ್ಕಿಂತ ಸುಲಭವಾದುದು ‘ಪಿವಟ್ ಟೇಬಲ್’. ಅಡ್ಡಕ್ಕೆ ವರ್ಷ, ಕೆಳಕ್ಕೆ ತಿಂಗಳು, ನಡುವೆ ಅಳತೆ ಎಂದು ಎಳೆದಿಟ್ಟರೆ ಸಾವಿರ ಸಾಲುಗಳು ಹನ್ನೆರಡಕ್ಕಿಳಿಯುವುವು. ಆದರೆ ಅದು ಕೇಳದೆಯೇ ಎಲ್ಲವನ್ನೂ ಕೂಡಿಬಿಡುತ್ತದೆ. ದಿನದಿನದ ಗಳಿಕೆ ಹರಿವು, ಅದನ್ನು ಕೂಡಬಹುದು. ಸಂಗ್ರಹವಾದರೋ ನಿಂತ ನೀರು. ಜುಲೈ ತಿಂಗಳ ಮೂವತ್ತೊಂದು ದಿನಗಳ ಸಂಗ್ರಹವನ್ನು ಕೂಡಿದರೆ ಜಲಾಶಯದಲ್ಲಿ ಎಂದೂ ಹಿಡಿಸದಷ್ಟು ನೀರು ಕಾಗದದ ಮೇಲೆ ನಿಲ್ಲುವುದು. ನಿನ್ನೆ ಕಿಸೆಯಲ್ಲಿ ನೂರು ರೂಪಾಯಿ, ಇಂದೂ ಅದೇ ನೂರು. ಒಟ್ಟು ಇನ್ನೂರೆಂದು ಯಾರಾದರೂ ಎಣಿಸುವರೆ? ಸಂಗ್ರಹಕ್ಕೆ ಸರಾಸರಿಯನ್ನೋ ತಿಂಗಳ ಕಡೆಯ ದಿನದ ಬೆಲೆಯನ್ನೋ ಕೇಳಬೇಕು.

ಶೇಕಡಾವಾರಿನಲ್ಲಿ ಇನ್ನೊಂದು ಸುಳಿಯಿದೆ. 1953ರಲ್ಲಿ ಅಣೆಕಟ್ಟೆ ಮುಗಿದಾಗ ಜಲಾಶಯದ ಧಾರಣಶಕ್ತಿ ಸುಮಾರು 133 ಟಿಎಂಸಿ. ಹೂಳು ತುಂಬುತ್ತ ಬಂದು, 2016ರ ಸಮೀಕ್ಷೆಯಂತೆ ಅದು 105.788 ಟಿಎಂಸಿಗೆ ಇಳಿದಿದೆ. ಎಂದರೆ ಐದರಲ್ಲಿ ಒಂದು ಭಾಗವನ್ನು ಮಣ್ಣು ಆಕ್ರಮಿಸಿದೆ. 100 ಟಿಎಂಸಿ ನೀರಿದ್ದಾಗ ಹೊಸ ಧಾರಣಶಕ್ತಿಯ ಮೇರೆಗೆ ಜಲಾಶಯ ಶೇಕಡ 94ಕ್ಕಿಂತ ಹೆಚ್ಚು ತುಂಬಿದೆ. ಹಳೆಯದರ ಮೇರೆಗೆ ಶೇಕಡ 75. ಹೀಗೆಯೇ, ತುಂಬಿದ ಮಟ್ಟವಾದ 1633 ಅಡಿ ಅಂದೂ 1633, ಇಂದೂ 1633. ನೀರು ಮಾತ್ರ ಒಂದೇ ಅಲ್ಲ. ಆದ್ದರಿಂದ ಮಟ್ಟದಿಂದ ಸಂಗ್ರಹವನ್ನು ಕಂಡುಹಿಡಿಯುವ ಕೋಷ್ಟಕವನ್ನು ಬೇರೊಂದು ಹಾಳೆಯಲ್ಲಿಟ್ಟು, ಅದು ಯಾವ ವರ್ಷದ ಸಮೀಕ್ಷೆಯದೆಂದು ಬರೆದು, ‘ವಿಲುಕಪ್’ ಎಂಬ ಸೂತ್ರದಿಂದ ಹುಡುಕಿಸಬೇಕು. ಈ ಸೂತ್ರದ ಕಡೆಯಲ್ಲಿ ‘ಫಾಲ್ಸ್’ ಎಂದು ಬರೆದರೆ ಕೋಷ್ಟಕದಲ್ಲಿ ಇದ್ದದ್ದೇ ಇದ್ದಹಾಗೆ ಸಿಕ್ಕಬೇಕು, ಇಲ್ಲವಾದರೆ ದೋಷ ತೋರುವುದು. ‘ಟ್ರೂ’ ಎಂದರೆ, ಕೋಷ್ಟಕ ಏರುವ ಕ್ರಮದಲ್ಲಿದ್ದ ಪಕ್ಷದಲ್ಲಿ, ಕೆಳಗಿನ ಹತ್ತಿರದ ಮೆಟ್ಟಿಲಿಗೆ ಇಳಿಯುವುದು: ಅಡಿಗೊಂದು ಸಾಲಿರುವ ಕೋಷ್ಟಕದಲ್ಲಿ 1625.6ಕ್ಕೆ 1625ರ ನೀರನ್ನೇ ಹೇಳುವುದು.

ಈಗ ನಕ್ಷೆ. ಸಂಖ್ಯೆಗಳನ್ನು ರೇಖೆಯಾಗಿಯೂ ಸ್ತಂಭವಾಗಿಯೂ ಬರೆದು ತೋರಿಸುವ ವಾಡಿಕೆಗೆ ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1786ರ ತನ್ನ ಗ್ರಂಥದಲ್ಲಿ ಬುನಾದಿ ಹಾಕಿದ. ಸ್ತಂಭಗಳ ಬುಡ ಸೊನ್ನೆಯಲ್ಲಿರಬೇಕು ಎಂಬ ನಿಯಮ ಸರಿಯಾದುದು. ಏಕೆಂದರೆ ಕಣ್ಣು ಸ್ತಂಭದ ಎತ್ತರವನ್ನೇ ಅಳೆಯುತ್ತದೆ. ಸಂಗ್ರಹದ ಸ್ತಂಭಗಳನ್ನು 90ರಿಂದ ಆರಂಭಿಸಿದರೆ 100 ಟಿಎಂಸಿ 95ರ ಎರಡರಷ್ಟಾಗಿ ಕಂಡು ನೋಡುಗನನ್ನು ವಂಚಿಸುವುದು. ಆದರೆ ನಿಯಮವನ್ನು ಕುರುಡಾಗಿ ಹಿಡಿಯಬಾರದು. ನೀರಿನ ಮಟ್ಟ ಸಮುದ್ರಮಟ್ಟದಿಂದ ಎಣಿಸಿದ್ದು. ಸೊನ್ನೆಯಿಂದ ಬರೆದರೆ ಇಪ್ಪತ್ತು ಅಡಿಗಳ ಕುಸಿತ ಒಟ್ಟು ಎತ್ತರದ ನೂರರಲ್ಲಿ ಒಂದಂಶದಷ್ಟಾಗಿ, ಗೆರೆ ನೆಟ್ಟಗೆ ಮಲಗಿಬಿಡುವುದು. ಗದ್ದೆಯವನಿಗೆ ಆ ಇಪ್ಪತ್ತು ಅಡಿಯೇ ಸರ್ವಸ್ವ. ಮಟ್ಟಕ್ಕೆ ರೇಖೆಯನ್ನೆಳೆದು, ಅಕ್ಷ ಎಲ್ಲಿಂದ ಆರಂಭವೆಂದು ಸ್ಪಷ್ಟವಾಗಿ ಬರೆಯುವುದೇ ಉಚಿತ. ಮೂರು ಆಯಾಮದ ಬಣ್ಣಬಣ್ಣದ ಸ್ತಂಭಗಳ ಬಗ್ಗೆ ನಮ್ಮ ಅಭಿಪ್ರಾಯ ಕೇಳಿದರೆ, ಅವನ್ನು ಜಾತ್ರೆಯ ಅಂಗಡಿಗಳಿಗೆ ಬಿಟ್ಟುಕೊಡುವುದು ಮೇಲು.

2024ರ ಆಗಸ್ಟ್ ತಿಂಗಳ ರೇಖೆಯನ್ನು ಬರೆದವರಿಗೆ ಒಂದು ತಿರುವು ಎದುರಾಗುವುದು. ಜಲಾಶಯ ತುಂಬಿದ್ದಾಗ, 10ರ ರಾತ್ರಿ, 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತಾತ್ಕಾಲಿಕ ತಡೆಗಳನ್ನು ಇಳಿಸಲು ಸುಮಾರು ಒಂದು ವಾರ ಹಿಡಿಯಿತು. ಅಷ್ಟರಲ್ಲಿ ಅಪಾರ ನೀರು ನದಿಗೆ ಹರಿಯಿತು. ಹಾಳೆಗೆ ಇದಾವುದೂ ತಿಳಿಯದು. ಅದರ ಪಾಲಿಗೆ ಹೊರಹರಿವು ಹೆಚ್ಚಿತು, ಅಷ್ಟೆ. ಹತ್ತು ವರ್ಷಗಳ ಮೇಲೆ ಈ ಹಾಳೆಯನ್ನು ತೆರೆಯುವವನಿಗಾಗಿಯೇ ಎಫ್ ಸಾಲಿನ ಟಿಪ್ಪಣಿ.

ಹಾಳೆಯ ಅಂಚಿನಲ್ಲಿಯೂ ಅಪಾಯಗಳುಂಟು. ರೈನ್‌ಹಾರ್ಟ್ ಮತ್ತು ರೋಗಾಫ್ ಎಂಬ ಖ್ಯಾತ ಅರ್ಥಶಾಸ್ತ್ರಜ್ಞರ 2010ರ ಪ್ರಬಂಧದಲ್ಲಿ, ಸರಾಸರಿಯ ಸೂತ್ರ ಕಡೆಯ ಸಾಲಿನವರೆಗೆ ಚಾಚದೆ, 20 ದೇಶಗಳಲ್ಲಿ 5 ಬಿಟ್ಟುಹೋಗಿದ್ದುವು. 2013ರಲ್ಲಿ ಅದನ್ನು ಕಂಡುಹಿಡಿದವನು ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ. 2020ರ ಶರತ್ಕಾಲದಲ್ಲಿ ಇಂಗ್ಲೆಂಡಿನ ಸುಮಾರು 16,000 ಕೊರೊನಾ ರೋಗಿಗಳು ಲೆಕ್ಕದಿಂದ ತಪ್ಪಿಹೋದರು. 65,536 ಸಾಲುಗಳಿಗೆ ಮುಗಿದುಹೋಗುವ ಹಳೆಯ ಮಾದರಿಯ ಕಡತ ಅದಕ್ಕೆ ಕಾರಣ. ನಮ್ಮ ಜಲಾಶಯದ ಹಾಳೆ ಅಷ್ಟು ಉದ್ದವಾಗಲು ಶತಮಾನಗಳೇ ಬೇಕಾದರೂ, ಮೊದಲನೆಯ ಅಪಾಯ ನಾಳೆಯೇ ಬರಬಹುದು. ಸಾಲುಗಳನ್ನು ‘ಟೇಬಲ್’ ಎಂದು ಘೋಷಿಸಿಟ್ಟರೆ, ಹೊಸ ದಿನ ಸೇರಿದಂತೆಲ್ಲ ಅದನ್ನು ಆಧರಿಸಿದ ಸೂತ್ರದ ವ್ಯಾಪ್ತಿಯೂ ಬೆಳೆಯುವುದು.

ಕಡೆಯದಾಗಿ ಎರಡನೆಯ ಬೆಳೆಯ ಪ್ರಶ್ನೆ. ಕಾಲುವೆಯೊಂದು 1,000 ಕ್ಯೂಸೆಕ್ ನೀರನ್ನು 120 ದಿನ ಎಳೆದುಕೊಂಡರೆ 10.368 ಟಿಎಂಸಿ ಬೇಕು. 110 ದಿನವಾದರೆ 9.504. ಹರಿವನ್ನೂ ದಿನಗಳನ್ನೂ ಸೂತ್ರದೊಳಗೆ ಹೂಳದೆ ಎರಡು ಪ್ರತ್ಯೇಕ ಮನೆಗಳಲ್ಲಿಟ್ಟು, ಒಂದನ್ನು ಬದಲಾಯಿಸಿದೊಡನೆ ಉತ್ತರ ಹೇಗೆ ಸರಿಯುತ್ತದೆಂದು ನೋಡಬೇಕು. ಬ್ರಿಕ್ಲಿನ್ ಬಯಸಿದ್ದ ಹಲಗೆ ಇದೇ. ಮೂರನೆಯ ಮನೆಯೊಂದು ಬೇಕು: ದಾರಿಯಲ್ಲಿ ಇಂಗಿ, ಆವಿಯಾಗಿ, ಮೇಲ್ಭಾಗದಲ್ಲಿ ಹೆಚ್ಚಾಗಿ ತಿರುಗಿ, ಕಾಲುವೆಯ ಕೊನೆಯ ಭಾಗಕ್ಕೆ ತಲಪದೆ ಹೋಗುವ ನೀರಿನ ಶೇಕಡಾವಾರು. ಅದು ಯಾವ ಪ್ರಕಟಣೆಯಲ್ಲಿಯೂ ದಿನವಹಿ ಬರುವುದಿಲ್ಲ. ಊರಿನ ಉಪಕಾಲುವೆಯಲ್ಲಿ ಅಳತೆಪಟ್ಟಿ ಇದ್ದರೆ ಬೆಳಗ್ಗೆ ಅದನ್ನು ಓದಿ, ನೀರು ಬಂದ ದಿನ, ಬಾರದ ದಿನಗಳನ್ನು ಹಾಳೆಯ ಹೊಸದೊಂದು ಕಂಬಸಾಲಿನಲ್ಲಿ ವಿದ್ಯಾರ್ಥಿಗಳೇ ಬರೆದಿಡಬೇಕು.