ಕಲಾಭವನದ ಗೋಡೆಗಳು: ವಿಶ್ವವಿದ್ಯಾನಿಲಯದಲ್ಲಿ ಕಲಾಶಿಕ್ಷಣವನ್ನು ಕುರಿತ ಒಂದು ವಿಚಾರ

ಚಿತ್ರ, ಶಿಲ್ಪ, ಸಂಗೀತ, ನೃತ್ಯಗಳು ನಮ್ಮ ದೇಶದಲ್ಲಿ ಬಹುಕಾಲ ಗುರುವಿನ ಮನೆಯಲ್ಲಿ, ಕುಲಕಸುಬಿನವರ ಅಂಗಳದಲ್ಲಿ, ದೇವಾಲಯ ಹಾಗೂ ಅರಮನೆಗಳ ಆಶ್ರಯದಲ್ಲಿ ಬೆಳೆದುವು. ಇಪ್ಪತ್ತನೆಯ ಶತಮಾನದಲ್ಲಿ ಅವು ವಿಶ್ವವಿದ್ಯಾನಿಲಯದ ಆವರಣವನ್ನು ಪ್ರವೇಶಿಸಿದುವು. ಇದರಿಂದ ಅವುಗಳಿಗೆ ಗೌರವವೂ ಸ್ಥಿರವಾದ ನೆಲೆಯೂ ದೊರೆತುವೆಂಬುದು ನಿರ್ವಿವಾದ. ಆದರೆ ವೇಳಾಪಟ್ಟಿ, ಪಠ್ಯಕ್ರಮ, ಪರೀಕ್ಷೆ, ಪದವಿಗಳ ಚೌಕಟ್ಟಿನೊಳಗೆ ಕಲೆಯು ಜೀವಂತವಾಗಿ ಉಳಿಯಬಲ್ಲುದೆ? ಈ ಪ್ರಶ್ನೆಯನ್ನು ಶಾಂತಿನಿಕೇತನದ ಕಲಾಭವನದ ನಿದರ್ಶನದಿಂದ ವಿಚಾರಮಾಡುವುದು ಪ್ರಸ್ತುತ ಲೇಖನದ ಉದ್ದೇಶ. ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ಶಾಸನವೂ ಕಡತವೂ ಆಧಾರಗಳು. ಕಲಾಭವನದಲ್ಲಾದರೋ ಗೋಡೆಗಳೇ ಮುಖ್ಯವಾದ ಆಧಾರಗಳಾಗಿವೆ.

೧

ರವೀಂದ್ರನಾಥ ಠಾಕೂರರು ಕಲಾಭವನವನ್ನು ಸ್ಥಾಪಿಸಿದ್ದು ೧೯೧೯ರಲ್ಲಿ. ೧೯೨೨ರಿಂದ ೧೯೫೧ರವರೆಗೆ ಅದರ ಹೊಣೆಯನ್ನು ಹೊತ್ತವರು ನಂದಲಾಲ ಬಸು. ಇವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರು. ನಮ್ಮ ಮೈಸೂರಿನ ಕೆ. ವೆಂಕಟಪ್ಪನವರೂ ಅದೇ ಗುರುವಿನಲ್ಲಿ ಕಲಿತವರೆಂಬುದನ್ನು ಇಲ್ಲಿ ಸ್ಮರಿಸಬಹುದು. ನಂದಲಾಲರ ಕಾಲದಲ್ಲಿ ಪದವಿ ಪರೀಕ್ಷೆಗೆ ಪ್ರಾಧಾನ್ಯವಿರಲಿಲ್ಲ. ಗುರುಶಿಷ್ಯರು ಒಟ್ಟಿಗೆ ಕೆಲಸಮಾಡುವುದೇ ಪಾಠವಾಗಿತ್ತು. ಗಿಡಮರಗಳನ್ನೂ ಋತುಗಳ ಬದಲಾವಣೆಯನ್ನೂ ಹೊರಗೆ ಹೋಗಿ ನೋಡಿ ಬರೆಯಬೇಕಾಗಿತ್ತು. ಗುರುಗಳು ಅಂಚೆಕಾರ್ಡಿನ ಮೇಲೆ ರೇಖಾಚಿತ್ರವನ್ನು ಬರೆದು ಶಿಷ್ಯರಿಗೆ ಕಳುಹಿಸುತ್ತಿದ್ದುದುಂಟು.

ಉತ್ಸವಗಳೂ ಶಿಕ್ಷಣದ ಅಂಗಗಳೇ ಆಗಿದ್ದುವು. ನಮ್ಮ ರಂಗವಲ್ಲಿಯನ್ನು ಹೋಲುವ ಅಲ್ಪನಾ ಎಂಬ ನೆಲದ ಅಲಂಕಾರವನ್ನು ವಿದ್ಯಾರ್ಥಿಗಳು ಕಲಿತು ಸಮಾರಂಭಗಳಲ್ಲಿ ಬಿಡಿಸುತ್ತಿದ್ದರು. ಸಂಗೀತವು ಮೊದಲು ಕಲಾಭವನದಲ್ಲಿಯೇ ಸೇರಿದ್ದು ಅನಂತರ ಸಂಗೀತಭವನವಾಗಿ ಬೇರೆಯಾಯಿತು. ಬೇರೆಯಾದರೂ ಎರಡರ ನಂಟು ಕಡಿಯಲಿಲ್ಲ. 'ಚಿತ್ರಾಂಗದಾ' (೧೯೩೬), 'ಚಂಡಾಲಿಕಾ' (೧೯೩೮), 'ಶ್ಯಾಮಾ' (೧೯೩೯) ಮೊದಲಾದ ನೃತ್ಯನಾಟಕಗಳ ಆ ದಶಕದಲ್ಲಿ ಹಾಡುವವರು, ಕುಣಿಯುವವರು, ರಂಗಸಜ್ಜಿಕೆಯನ್ನೂ ವೇಷಭೂಷಣವನ್ನೂ ಅಣಿಮಾಡುವವರು ಒಂದೇ ಕಾರ್ಯದ ಪಾಲುದಾರರಾಗಿದ್ದರು. ಚಿತ್ರಕಲೆಯ ವಿದ್ಯಾರ್ಥಿಯು ಬಣ್ಣವನ್ನು ಹಾಳೆಯ ಮೇಲೆ ಮಾತ್ರವಲ್ಲದೆ, ಚಲಿಸುವ ದೇಹದ ಮೇಲೂ ಕಂಡನು.

೨

ಇನ್ನು ಗೋಡೆಗಳ ವಿಷಯ. ನಂದಲಾಲರು ಭಿತ್ತಿಚಿತ್ರಕ್ಕೆ ಅಷ್ಟು ಮಹತ್ವವನ್ನು ಕೊಟ್ಟದ್ದೇಕೆ? ಇದಕ್ಕೆ ಕಾರಣವು ಆ ಕಲೆಯ ಸ್ವರೂಪದಲ್ಲಿಯೇ ಇದೆ. ಜೈಪುರದ ಪಾರಂಪರಿಕ ಕಲಾವಿದ ನರಸಿಂಗಲಾಲರನ್ನು ಶಾಂತಿನಿಕೇತನಕ್ಕೆ ಕರೆಸಿ ಆ ನಾಡಿನ ಪದ್ಧತಿಯನ್ನು ವಿದ್ಯಾರ್ಥಿಗಳಿಗೆ ಕಲಿಸಲಾಯಿತು. ಈ ಪದ್ಧತಿಯಲ್ಲಿ ಸುಣ್ಣದ ಗಾರೆಯು ಹಸಿಯಾಗಿರುವಾಗಲೇ ಬಣ್ಣವನ್ನು ಹಾಕಿ, ಅದು ಗಾರೆಯೊಳಕ್ಕೆ ಇಳಿಯುವಂತೆ ಒತ್ತಿ, ಕೊನೆಗೆ ನುಣುಪಾದ ಕಲ್ಲಿನಿಂದ ಉಜ್ಜಿ ಹೊಳಪು ಕೊಡುತ್ತಾರೆ. ಗಾರೆ ಒಣಗುವುದಕ್ಕೆ ಮುಂಚೆ ಕೆಲಸ ಮುಗಿಯಬೇಕು. ಒಬ್ಬನು ಸುಣ್ಣವನ್ನು ಅರೆಯಬೇಕು, ಒಬ್ಬನು ಗಾರೆಯನ್ನು ಬಳಿಯಬೇಕು, ಒಬ್ಬನು ಬಣ್ಣವನ್ನು ಒದಗಿಸಬೇಕು. ಅದು ಕಾರಣ ಭಿತ್ತಿಚಿತ್ರವು ಏಕಾಕಿಯ ಕಲೆಯಲ್ಲ. ಅದನ್ನು ಕಲಿಯುವವನು ಕೈಚಳಕದೊಡನೆ ಕೂಡಿ ದುಡಿಯುವುದನ್ನೂ ಕಲಿಯುತ್ತಾನೆ. ಮೇಲಾಗಿ, ಆ ಗೋಡೆಯ ಮುಂದೆ ದಿನವೂ ನಡೆದಾಡುವವರೇ ಅದರ ಪರೀಕ್ಷಕರು.

ಮೂರು ನಿದರ್ಶನಗಳನ್ನು ಗಮನಿಸೋಣ. ಮೊದಲನೆಯದು 'ಕಾಲೋ ಬಾಡಿ', ಎಂದರೆ ಕರಿಯ ಮನೆ. ೧೯೩೦ರ ದಶಕದ ಮಧ್ಯಭಾಗದಲ್ಲಿ ಮಣ್ಣಿನಿಂದ ಕಟ್ಟಿ, ಡಾಂಬರು ಬಳಿದ ಈ ವಿದ್ಯಾರ್ಥಿನಿಲಯದ ಹೊರಗೋಡೆಗಳಲ್ಲಿ ಗುರುಶಿಷ್ಯರು ಕೂಡಿ ಉಬ್ಬುಶಿಲ್ಪಗಳನ್ನು ರಚಿಸಿದರು. ಭಾರಹುತದ ಶಿಲ್ಪದಿಂದ ಹಿಡಿದು ಪ್ರಾಚೀನ ಈಜಿಪ್ಟಿನ ಆಕೃತಿಗಳವರೆಗೆ ಹಲವು ನಾಡುಗಳ ಮಾದರಿಗಳು ಅಲ್ಲಿವೆ. ಕಲಾ ಇತಿಹಾಸದ ಪಾಠವನ್ನು ವಿದ್ಯಾರ್ಥಿಗಳು ತಾವು ವಾಸಿಸುವ ಮನೆಯ ಮೇಲೆಯೇ ಬರೆದುಕೊಂಡರೆಂದು ಹೇಳಬಹುದು.

ಎರಡನೆಯದು ರಾಮಕಿಂಕರ ಬೈಜರ 'ಸಂತಾಲ ಕುಟುಂಬ' (೧೯೩೮). ಬಾಂಕುರಾದ ಬಡ ಮನೆತನದಿಂದ ವಿದ್ಯಾರ್ಥಿಯಾಗಿ ಬಂದು ಅಲ್ಲಿಯೇ ಅಧ್ಯಾಪಕರಾದ ಇವರು, ಸಿಮೆಂಟಿನೊಡನೆ ಆ ನೆಲದ ಜಂಬಿಟ್ಟಿಗೆಯ ಹರಳನ್ನೇ ಬೆರೆಸಿ, ಬಯಲಿನಲ್ಲಿ ಈ ಶಿಲ್ಪವನ್ನು ನಿಲ್ಲಿಸಿದರು. ಶಿಲ್ಪದ ವಸ್ತುವು ರಾಜನೂ ಅಲ್ಲ, ದೇವತೆಯೂ ಅಲ್ಲ. ಗಂಟುಮೂಟೆಯೊಡನೆ ಹೊರಟ ದುಡಿಯುವ ಜನ.

ಮೂರನೆಯದು ಹಿಂದೀಭವನದ ಮೂರು ಗೋಡೆಗಳ ಮೇಲ್ಭಾಗದಲ್ಲಿ ವಿನೋದಬಿಹಾರಿ ಮುಖರ್ಜಿಯವರು ೧೯೪೭ರಲ್ಲಿ ಮುಗಿಸಿದ ಮಧ್ಯಯುಗದ ಸಂತರ ಚಿತ್ರ. ಬಾಲ್ಯದಿಂದಲೂ ಅವರ ದೃಷ್ಟಿ ಅತಿ ಮಂದವಾಗಿತ್ತು. ಈ ಕಾರ್ಯದಲ್ಲಿ ಅವರಿಗೆ ನೆರವಾದ ವಿದ್ಯಾರ್ಥಿಗಳಲ್ಲಿ ಕೆ. ಜಿ. ಸುಬ್ರಹ್ಮಣ್ಯನ್ ಒಬ್ಬರು. ಮುಂದೆ ದೃಷ್ಟಿಯು ಪೂರ್ಣವಾಗಿ ಹೋದ ಮೇಲೆಯೂ ವಿನೋದಬಿಹಾರಿಯವರು ಕಲಾಭವನದಲ್ಲಿ ಪಾಠ ಹೇಳಿದರು. ೧೯೭೨ರಲ್ಲಿ ಅಲ್ಲಿಯ ಗೋಡೆಯೊಂದಕ್ಕೆ ಹೆಂಚಿನ ಬಿಲ್ಲೆಗಳ ಚಿತ್ರವನ್ನು ರಚಿಸಿದರು. ಅವರ ಶಿಷ್ಯರಾಗಿದ್ದ ಸತ್ಯಜಿತ್ ರಾಯರು ಅದೇ ವರ್ಷ ಅವರನ್ನು ಕುರಿತು ಚಲನಚಿತ್ರವನ್ನು ನಿರ್ಮಿಸಿದರು.

೩

೧೯೫೧ರಲ್ಲಿ ವಿಶ್ವಭಾರತಿಯು ಸಂಸತ್ತಿನ ಶಾಸನದಿಂದ ಕೇಂದ್ರೀಯ ವಿಶ್ವವಿದ್ಯಾನಿಲಯವಾಯಿತು. ಅದೇ ವರ್ಷ ನಂದಲಾಲರು ನಿವೃತ್ತರಾದರು. ಆಶ್ರಮದ ಕಲಾಜೀವನವು ಪದವಿಯ ಕ್ರಮಕ್ಕೆ ಒಳಪಟ್ಟಿತು. ಈ ಬದಲಾವಣೆಯನ್ನು ನಷ್ಟವೆಂದು ಮಾತ್ರ ಎಣಿಸುವುದು ನ್ಯಾಯವಲ್ಲ. ನಿಯತವಾದ ವೇತನ, ಗ್ರಂಥಭಂಡಾರ, ಕುಲ ಪ್ರಾಂತಗಳ ಭೇದವಿಲ್ಲದ ಪ್ರವೇಶ, ಇವು ಕಲಾವಿದನಿಗೆ ಸಣ್ಣ ಲಾಭಗಳಲ್ಲ. ಆದರೆ ಅಂಕಗಳಿಂದ ಅಳೆಯಬಹುದಾದುದು ಒಬ್ಬೊಬ್ಬನ ಕೆಲಸ. ಕರಿಯ ಮನೆಯ ಗೋಡೆಗೆ ಯಾರಿಗೆ ಎಷ್ಟು ಅಂಕ ಕೊಡೋಣ? ಅಳತೆಗೆ ಸಿಗದ ಕಾರ್ಯವು ಕ್ರಮೇಣ ವೇಳಾಪಟ್ಟಿಯಿಂದ ಜಾರಿಹೋಗುವುದೆಂಬುದೇ ನಿಜವಾದ ಅಪಾಯ.

ಕಲಾಭವನವು ಈ ಅಪಾಯಕ್ಕೆ ತನ್ನದೇ ಉತ್ತರವನ್ನು ಹುಡುಕಿತು. ೧೯೭೩ರಿಂದ ನಂದಲಾಲರ ಜನ್ಮದಿನಕ್ಕೆ ಮುಂಚಿತವಾಗಿ, ಡಿಸೆಂಬರ್ ಮೊದಲ ಎರಡು ದಿನ, 'ನಂದನ ಮೇಳ' ನಡೆಯುತ್ತ ಬಂದಿದೆ. ಅಧ್ಯಾಪಕರೂ ವಿದ್ಯಾರ್ಥಿಗಳೂ ಸೇರಿ ಮಾಡಿದ ವಸ್ತುಗಳು ಅಲ್ಲಿ ಮಾರಾಟವಾಗಿ, ಬಂದ ಹಣವು ಕಷ್ಟದಲ್ಲಿರುವ ವಿದ್ಯಾರ್ಥಿಗಳ ನೆರವಿಗೆ ಸಲ್ಲುತ್ತದೆ. ಪರೀಕ್ಷೆಗೆ ಸಂಬಂಧಿಸದ ಈ ದುಡಿಮೆಯಲ್ಲಿ ಹಳೆಯ ಕ್ರಮವು ಉಳಿದಿದೆ. ಸುಬ್ರಹ್ಮಣ್ಯನ್‌ರು ೧೯೫೧ರಲ್ಲಿ ಬರೋಡದ ವಿಶ್ವವಿದ್ಯಾನಿಲಯಕ್ಕೆ ಹೋಗಿ ಅಧ್ಯಾಪಕರಾದಾಗ ಇಂತಹ ಮೇಳದ ಸಂಪ್ರದಾಯವು ಅಲ್ಲಿಯೂ ಬೆಳೆಯಲು ಕಾರಣರಾದರು. ೧೯೮೦ರಲ್ಲಿ ಅವರು ಶಾಂತಿನಿಕೇತನಕ್ಕೆ ಮರಳಿದರು. ಕಲಾಭವನದ ಒಂದು ಕಟ್ಟಡದ ಮೇಲೆ ತಾವು ರಚಿಸಿದ್ದ ಕಪ್ಪುಬಿಳುಪಿನ ಚಿತ್ರವು ಮಾಸಿರಲಾಗಿ, ೨೦೦೯ರಲ್ಲಿ, ಎಂಬತ್ತೈದರ ವಯಸ್ಸಿನಲ್ಲಿ, ಅದೇ ಗೋಡೆಯನ್ನು ಹೊಸದಾಗಿ ಚಿತ್ರಿಸಿದರು.

೨೦೨೩ರಲ್ಲಿ ಶಾಂತಿನಿಕೇತನವು ಯುನೆಸ್ಕೋ ಸಂಸ್ಥೆಯ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮಳೆಬಿಸಿಲಿಗೆ ಒಡ್ಡಿದ ಶಿಲ್ಪಗಳನ್ನೂ ಮಣ್ಣಿನ ಗೋಡೆಗಳನ್ನೂ ಶಾಸ್ತ್ರೀಯವಾಗಿ ಸಂರಕ್ಷಿಸುವುದು ಅತ್ಯಗತ್ಯ. ಆದರೆ ಕಲಾಭವನದ ಎಲ್ಲ ಗೋಡೆಗಳೂ ಮುಟ್ಟಬಾರದ ಸ್ಮಾರಕಗಳಾದರೆ, ಅವು ಯಾವ ಶಿಕ್ಷಣದಿಂದ ಹುಟ್ಟಿದುವೋ ಆ ಶಿಕ್ಷಣಕ್ಕೆ ಎಡೆಯಿಲ್ಲದಂತಾಗುವುದು. ರಾಮಕಿಂಕರರ ಶಿಲ್ಪವನ್ನು ಕಾಪಾಡಬೇಕು. ಅದರೊಡನೆ ಮುಂದಿನ ವಿದ್ಯಾರ್ಥಿಗೆ ಒಂದು ಬರಿಯ ಗೋಡೆಯನ್ನೂ ಉಳಿಸಬೇಕು.

ಲಲಿತಕಲಾ ವಿಭಾಗಗಳನ್ನು ಹೊಂದಿರುವ ನಮ್ಮ ವಿದ್ಯಾಸಂಸ್ಥೆಗಳೂ ಇದನ್ನು ಆಲೋಚಿಸಬೇಕಾಗಿದೆ. ಪಠ್ಯಕ್ರಮವು ಇರಲಿ, ಪರೀಕ್ಷೆಯೂ ಇರಲಿ. ಅವುಗಳ ಜೊತೆಗೆ ಅಂಕಗಳಿಲ್ಲದ ಕೂಡುದುಡಿಮೆಗೆ ವರ್ಷದಲ್ಲಿ ಕೆಲವು ವಾರಗಳನ್ನೂ ಆವರಣದಲ್ಲಿ ಕೆಲವು ಗೋಡೆಗಳನ್ನೂ ಮೀಸಲಿಡುವುದು ಯಾವ ವಿಶ್ವವಿದ್ಯಾನಿಲಯಕ್ಕೂ ಅಸಾಧ್ಯವಲ್ಲವೆಂದು ನಾವು ಭಾವಿಸುತ್ತೇವೆ.