ಎರೆಮಣ್ಣಿನ ಹರಳು ಹಿಗ್ಗುವ ಬಗೆ

ರಾಯಬಾಗ ತಾಲ್ಲೂಕಿನ ದಿಗ್ಗೇವಾಡಿಯ ಸೀಮೆಯೆಂದರೆ ಎರೆಮಣ್ಣು, ಕಬ್ಬು. ಒಂದೇ ಹೊಲ ಎರಡು ಬಗೆಯ ಹರಳಿಗೆ ನೆಲೆ. ಕಬ್ಬಿನ ರಸದಿಂದ ಬರುವ ಸಕ್ಕರೆ ಒಂದು, ಅದರ ಬೇರನ್ನು ಹಿಡಿದಿಟ್ಟ ಜೇಡಿಮಣ್ಣು ಇನ್ನೊಂದು. ಸಕ್ಕರೆಯ ಹರಳಿನ ಒಳ ಅಳತೆ ಎಲ್ಲಿ ನೋಡಿದರೂ ಒಂದೇ. ಜೇಡಿಯದು ಮಾತ್ರ ನೀರು ಬಿದ್ದಂತೆ ಹಿಗ್ಗಿ, ಬಿಸಿಲೇರಿದಂತೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಎರೆ ಹೊಲ ಬಾಯಿಬಿಡುವುದು ಇದರಿಂದಲೇ.

ಹರಳಿನೊಳಗೆ ಅಣುಗಳು ಒಂದೇ ಕ್ರಮದಲ್ಲಿ ಮರುಕಳಿಸುತ್ತವೆ. ಹೀಗೆ ಮರುಕಳಿಸುವ ಅತಿ ಚಿಕ್ಕ ತುಣುಕೇ ಏಕಮಾನ ಕೋಶ. ಅದರ ಮೂರು ಅಂಚುಗಳ ಉದ್ದ ಮತ್ತು ನಡುವಿನ ಕೋನಗಳೇ ಜಾಲಕ ಸ್ಥಿರಾಂಕಗಳು. ಇವನ್ನು ಅಳೆಯುವ ಮಾನ ಆಂಗ್‌ಸ್ಟ್ರಾಮ್, ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ. ಸಕ್ಕರೆಯ ಕೋಶದ ಅಂಚುಗಳು ಸುಮಾರು 10.9, 8.7 ಮತ್ತು 7.8 ಆಂಗ್‌ಸ್ಟ್ರಾಮ್. ಒಂದು ಕೋನ 103 ಡಿಗ್ರಿ, ಉಳಿದೆರಡು 90. ಅಷ್ಟು ಜಾಗದಲ್ಲಿ ಎರಡು ಸಕ್ಕರೆ ಅಣುಗಳಿರುತ್ತವೆ.

ಕಣ್ಣಿಗೆ ಕಾಣದ್ದನ್ನು ಅಳೆಯುವುದು ಎಕ್ಸ್-ಕಿರಣಗಳಿಂದ. ಹರಳಿನ ಪದರಗಳಿಗೆ ತಾಗಿದ ಕಿರಣ ಯಾವ ಕೋನದಲ್ಲಿ ಬಲವಾಗಿ ಹೊಮ್ಮುತ್ತದೆ ಎಂಬುದರಿಂದ ಪದರಗಳ ಅಂತರ ತಿಳಿಯುತ್ತದೆ. ಈ ದಾರಿ ತೋರಿದ ವಿಲಿಯಂ ಹೆನ್ರಿ ಬ್ರ್ಯಾಗ್ ಮತ್ತು ಮಗ ಲಾರೆನ್ಸ್ 1915ರಲ್ಲಿ ನೊಬೆಲ್ ಪಡೆದರು. ಆಗ ಲಾರೆನ್ಸ್‌ಗೆ 25 ವರ್ಷ.

ಬಸಾಲ್ಟ್ ಕಲ್ಲು ಸವೆದು ಆದ ಎರೆಮಣ್ಣಿನಲ್ಲಿ ಸ್ಮೆಕ್ಟೈಟ್ ಗುಂಪಿನ ಜೇಡಿ ಹೇರಳ. ಮಾಂಟ್‌ಮೊರಿಲೊನೈಟ್ ಅದರಲ್ಲಿ ಪ್ರಮುಖ. ಇದರ ಹರಳಿನ ಹಾಳೆಗಳು ಒಂದರ ಮೇಲೊಂದು ಪೇರಿಸಿದ ರೊಟ್ಟಿಗಳಂತಿರುತ್ತವೆ. ನಡುವೆ ಕ್ಯಾಲ್ಸಿಯಂ, ಸೋಡಿಯಂ ಅಯಾನುಗಳು ಕೂತಿರುತ್ತವೆ. ಮಣ್ಣು ಪೂರಾ ಒಣಗಿದಾಗ ಹಾಳೆಯಿಂದ ಹಾಳೆಗೆ ಸುಮಾರು 10 ಆಂಗ್‌ಸ್ಟ್ರಾಮ್. ನಡುವೆ ನೀರಿನ ಎರಡು ಪದರ ಹೊಕ್ಕರೆ 15. ಅಗಲದ ಎರಡು ಅಂಚುಗಳು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತವೆ, ಬೆಳೆಯುವುದು ಎತ್ತರ ಮಾತ್ರ.

ಒಂದು ಮಿಲಿಮೀಟರ್ ದಪ್ಪಕ್ಕೆ ಇಂಥ ಹಾಳೆಗಳು ಹತ್ತು ಲಕ್ಷ. ಒಂದೊಂದೂ 5 ಆಂಗ್‌ಸ್ಟ್ರಾಮ್ ಸರಿದರೆ ಒಟ್ಟು ಅರ್ಧ ಮಿಲಿಮೀಟರ್ ಹಿಗ್ಗಿದಂತೆ. ಹೊಲದ ಮಣ್ಣಿನಲ್ಲಿ ಮರಳು, ಗೋಡು ಬೆರೆತಿರುವುದರಿಂದ ಹಿಗ್ಗು ಇಷ್ಟಿರದು. ಆದರೂ ಗೋಡೆ ಸೀಳಿಸಲು, ರಸ್ತೆ ಎಬ್ಬಿಸಲು ಅದು ಸಾಕು.

ಕೃಷ್ಣಾ ತೀರದ ಸವಳು-ಜವಳು ನೆಲದ ಗುಟ್ಟೂ ಇಲ್ಲೇ ಇದೆ. ನೀರು ಹಾಯಿಸಿದ್ದು ಹೆಚ್ಚಾಗಿ, ಬಸಿಯಲು ದಾರಿಯಿಲ್ಲದೆ ಹೋದರೆ ಉಪ್ಪು ಮೇಲೇರಿ ಸೋಡಿಯಂ ಹಾಳೆಗಳ ನಡುವೆ ಸೇರುತ್ತದೆ. ಕ್ಯಾಲ್ಸಿಯಂ ಇದ್ದ ಜೇಡಿ ನೀರಲ್ಲಿ ನೆನೆದರೂ ಸುಮಾರು 19 ಆಂಗ್‌ಸ್ಟ್ರಾಮಿಗೆ ನಿಲ್ಲುತ್ತದೆ; ಎರಡು ಧನವಿದ್ಯುದಂಶದ ಕ್ಯಾಲ್ಸಿಯಂ ಹಾಳೆಗಳನ್ನು ಬಿಗಿಹಿಡಿಯಬಲ್ಲದು. ಸೋಡಿಯಂಗೆ ಒಂದೇ ವಿದ್ಯುದಂಶ, ಹಿಡಿತ ಸಡಿಲ. ಉಪ್ಪು ಕಡಿಮೆಯಾದ ನೀರಿನಲ್ಲಿ ಹಾಳೆಗಳು ಬಿಡಿಬಿಡಿಯಾಗಿ ಚದುರಿ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತವೆ. ನೀರು ಇಂಗದು, ಬೇರಿಗೆ ಗಾಳಿಯಾಡದು.

ಅಂಥ ಹೊಲಕ್ಕೆ ಜಿಪ್ಸಂ ಹಾಕುವುದು ಈ ಕಾರಣಕ್ಕೆ. ಜಿಪ್ಸಂನ ಕ್ಯಾಲ್ಸಿಯಂ ಹಾಳೆಗಳ ನಡುವಿನ ಸೋಡಿಯಂ ಅನ್ನು ಹೊರದೂಡುತ್ತದೆ. ಹೊರಬಂದ ಸೋಡಿಯಂ ಹೊಲದಿಂದಾಚೆ ಹರಿದುಹೋಗಲು ಬಸಿಗಾಲುವೆಯೂ ಬೇಕು. ಇಲ್ಲದಿದ್ದರೆ ಅದು ಅಲ್ಲೇ ಉಳಿದು, ಹಾಕಿದ ಜಿಪ್ಸಂ ವ್ಯರ್ಥವಾಗುತ್ತದೆ.