ಮುಚ್ಚಿದ ಕಿಟಕಿಯ ಕೆಳಗೆ ಒಂದು ಹಾಡು

ಇರುಳ ಹೊತ್ತು ಪ್ರೇಯಸಿಯ ಕಿಟಕಿಯ ಕೆಳಗೆ ನಿಂತು ಪ್ರಿಯಕರ ಹಾಡುವ ಹಾಡಿಗೆ ಯೂರೋಪಿನಲ್ಲಿ ‘ಸೆರೆನೇಡ್’ ಎಂದು ಹೆಸರು. ಕಿಟಕಿ ತೆರೆದರೆ ಹಾಡು ಗೆದ್ದಂತೆ. ಗೀತನಾಟಕಗಳನ್ನು, ಅಂದರೆ ಒಪೆರಾಗಳನ್ನು ರಚಿಸಿದವರಿಗೆ ಇದು ಅಚ್ಚುಮೆಚ್ಚಿನ ಸನ್ನಿವೇಶ. ಹಾಡುವವನು ಪ್ರಾಮಾಣಿಕನಾಗಿರಬೇಕೆಂಬ ನಿಯಮವೇನೂ ಇಲ್ಲ. ಮೊಜಾರ್ಟನ ‘ಡಾನ್ ಜೊವಾನಿ’ಯಲ್ಲಿ (1787) ನಾಯಕ ಮ್ಯಾಂಡೊಲಿನ್ ಜೊತೆ ಹಾಡುವುದು ಒಬ್ಬ ದಾಸಿಯನ್ನು ಮರುಳುಮಾಡಲು. ಫ್ರಾನ್ಸಿನ ಗುನೋ ರಚಿಸಿದ ‘ಫೌಸ್ಟ್’ನಲ್ಲಿ (1859) ಕಿಟಕಿಯ ಕೆಳಗೆ ನಿಂತು ಗೇಲಿ ಮಾಡುವವನು ಸಾಕ್ಷಾತ್ ಸೈತಾನ!

ಇಂಥ ಕಪಟವಿಲ್ಲದ, ನೇರವಾದ ಸೆರೆನೇಡ್ ಒಂದನ್ನು ಬರೆದವನು ಜಾರ್ಜ್ ಬಿಜೇ. ‘ಕಾರ್ಮೆನ್’ ಒಪೆರಾದಿಂದ ಜಗತ್ತಿಗೆಲ್ಲ ಪರಿಚಿತನಾದ ಈ ಫ್ರೆಂಚ್ ಸಂಗೀತಕಾರ ಅದಕ್ಕೆ ಏಳು ವರ್ಷಗಳಿಗೂ ಮೊದಲು, 1867ರ ಡಿಸೆಂಬರಿನಲ್ಲಿ, ‘ಪರ್ತ್‌ನ ಚೆಲುವೆ’ ಎಂಬ ಒಪೆರಾವನ್ನು ಪ್ಯಾರಿಸ್ಸಿನ ರಂಗಕ್ಕೆ ತಂದ. ಸ್ಕಾಟ್ಲೆಂಡಿನ ವಾಲ್ಟರ್ ಸ್ಕಾಟ್‌ನ 1828ರ ಕಾದಂಬರಿ ಇದಕ್ಕೆ ಆಧಾರ. ಆದರೆ ಕಾದಂಬರಿಯಿಂದ ರಂಗಕ್ಕೆ ಬರುವಷ್ಟರಲ್ಲಿ ಕಥೆ ಗುರುತು ಸಿಗದಷ್ಟು ಬದಲಾಗಿತ್ತು.

ನಾಯಕ ಸ್ಮಿತ್ ಆಯುಧ ಮಾಡುವ ಕಮ್ಮಾರ. ನಾಯಕಿ ಕ್ಯಾಥರೀನ್ ಕೈಗವಸು ಮಾಡುವವನ ಮಗಳು. ಎರಡನೆಯ ಅಂಕದಲ್ಲಿ ಸ್ಮಿತ್ ಅವಳ ಮನೆಯ ಮುಂದೆ ನಿಂತು ಹಾಡುತ್ತಾನೆ. ಹಾಡು ಮುಗಿದರೂ ಉತ್ತರವಿಲ್ಲ, ನಿರಾಶನಾಗಿ ಹೊರಟುಹೋಗುತ್ತಾನೆ. ಆಮೇಲೆ ವೇಷ ಬದಲಾವಣೆ, ಅಪಾರ್ಥ, ಸಂಶಯಗಳ ಸರಮಾಲೆ. ಅದನ್ನು ವಿವರಿಸಹೊರಟರೆ ಓದುಗರ ತಲೆ ಚಿಟ್ಟು ಹಿಡಿದೀತು. ಸ್ಮಿತ್ ತನ್ನ ಶೀಲವನ್ನೇ ಶಂಕಿಸಿದ್ದರಿಂದ ಕ್ಯಾಥರೀನ್‌ಗೆ ಬುದ್ಧಿಭ್ರಮಣೆಯಾಗುತ್ತದೆ ಎಂದರೆ ಸಾಕು.

ಕೊನೆಯ ಅಂಕದಲ್ಲಿ ಅವಳನ್ನು ಗುಣಪಡಿಸಲು ಅದೇ ದೃಶ್ಯವನ್ನು ಮತ್ತೆ ಕಟ್ಟುತ್ತಾರೆ. ಮ್ಯಾಬ್ ಎಂಬ ಜಿಪ್ಸಿ ಹೆಣ್ಣು ಕ್ಯಾಥರೀನಳಂತೆ ಕಿಟಕಿಯಲ್ಲಿ ನಿಲ್ಲುತ್ತಾಳೆ, ಸ್ಮಿತ್ ಅದೇ ಹಾಡು ಹಾಡುತ್ತಾನೆ. ತನ್ನ ಜಾಗದಲ್ಲಿ ಇನ್ನೊಬ್ಬಳನ್ನು ಕಂಡ ಕ್ಯಾಥರೀನ್‌ಗೆ ನೆನಪು ಮರಳುತ್ತದೆ. ಕಾಗದದ ಮೇಲೆ ಇದು ಬಾಲಿಶ ಉಪಾಯವೇ ಸರಿ. ರಂಗದ ಮೇಲೆ ನಂಬಿಸುವುದು ಆ ರಾಗ. ಎರಡನೆಯ ಅಂಕದಲ್ಲಿ ಉತ್ತರ ಸಿಗದೆ ಹೋದ ಹಾಡು ಪ್ರೇಕ್ಷಕನ ಕಿವಿಯಲ್ಲೂ ಉಳಿದಿರುತ್ತದೆ. ಹೀಗಾಗಿ ಅವಳಿಗೆ ನೆನಪಾಗುವಾಗ ನಮಗೂ ನೆನಪಾಗುತ್ತದೆ. ನಾಟಕಕಾರರು ಮಾಡಲಾಗದ್ದನ್ನು ಇಲ್ಲಿ ಸಂಗೀತಗಾರ ಮಾಡಿದ್ದಾನೆ.

ಸ್ವಾರಸ್ಯವೆಂದರೆ, ಈ ರಾಗ ಹುಟ್ಟಿದ್ದು ಸ್ಮಿತ್‌ಗಾಗಿ ಅಲ್ಲ. 1857ರಲ್ಲಿ, ಇನ್ನೂ ಹತ್ತೊಂಬತ್ತರ ಹುಡುಗ ಬಿಜೇ ಫ್ರೆಂಚ್ ಸರ್ಕಾರದ ‘ರೋಮ್ ಬಹುಮಾನ’ ಗೆದ್ದು ಇಟಲಿಗೆ ಹೋಗಿದ್ದ. ಅಲ್ಲಿಂದ ಚರ್ಚಿನ ಪೂಜಾಸಂಗೀತವೊಂದನ್ನು ಬರೆದು ಕಳುಹಿಸಬೇಕೆಂಬುದು ನಿಯಮ. ಇವನು ಕಳುಹಿಸಿದ್ದು ‘ಡಾನ್ ಪ್ರೊಕೊಪಿಯೊ’ ಎಂಬ ನಗೆ ಒಪೆರಾ! ಅದು ರಂಗಕ್ಕೆ ಬರಲೇ ಇಲ್ಲ. ಕೇಳದೆ ಉಳಿದ ಆ ಕೃತಿಯ ಒಂದು ಸೆರೆನೇಡನ್ನು ಎಂಟು-ಒಂಬತ್ತು ವರ್ಷಗಳ ನಂತರ ಹೊರತೆಗೆದು ನಗೆ ಒಪೆರಾದ ಪ್ರೇಮಿಯಿಂದ ಸ್ಕಾಟ್ಲೆಂಡಿನ ಕಮ್ಮಾರನಿಗೆ ದಾಟಿಸಿದ.

‘ಪರ್ತ್‌ನ ಚೆಲುವೆ’ಗೆ ಪತ್ರಿಕೆಗಳು ಒಳ್ಳೆಯ ಮಾತಾಡಿದವು, ಜನ ಬರಲಿಲ್ಲ. ಹದಿನೆಂಟು ಪ್ರದರ್ಶನಗಳಿಗೇ ಅದು ನಿಂತಿತು. 1875ರ ಜೂನ್ 3ರಂದು, ‘ಕಾರ್ಮೆನ್’ ಮೊದಲ ಪ್ರದರ್ಶನ ಕಂಡ ಸರಿಯಾಗಿ ಮೂರು ತಿಂಗಳಿಗೆ, ಬಿಜೇ ತೀರಿಕೊಂಡ. ಆಗ ವಯಸ್ಸು 36. ಇಂದು ಈ ಒಪೆರಾ ರಂಗದ ಮೇಲೆ ಕಾಣುವುದು ಅಪರೂಪ. ಸ್ಮಿತ್‌ನ ಸೆರೆನೇಡನ್ನು ಮಾತ್ರ ಗಾಯಕರು ಕಚೇರಿಗಳಲ್ಲಿ ಬಿಡಿಯಾಗಿ ಹಾಡುತ್ತಾರೆ. ‘ಡಾನ್ ಪ್ರೊಕೊಪಿಯೊ’ ಕೊನೆಗೂ ರಂಗ ಹತ್ತಿದ್ದು 1906ರಲ್ಲಿ, ಮಾಂಟೆ ಕಾರ್ಲೊದಲ್ಲಿ. ಅಷ್ಟರಲ್ಲಿ ಅದರ ಸೆರೆನೇಡ್ ಕಮ್ಮಾರ ಸ್ಮಿತ್‌ನ ಹಾಡೆಂದೇ ಹೆಸರಾಗಿ ಸುಮಾರು ನಲವತ್ತು ವರ್ಷಗಳಾಗಿದ್ದವು.